ಷರಾ

ಪಂಚಾಯ್ತಿ ಕೊಟ್ಟ ರಿಜಿಸ್ಟರಿನಲ್ಲಿ ಐದು ಮನೆ:
ತಾರೀಕು, ಒಳಬಂದ ನೀರು, ಬಣ್ಣ,
ವಾಸನೆ (ಇದೆ, ಇಲ್ಲ, ಗೆರೆ ಎಳೆಯುವುದು),
ಕೊನೆಗೆ ಷರಾ.
ಷರಾ ಅನ್ನೋ ಮನೆ ನನ್ನ ಕಿರುಬೆರಳಿನಷ್ಟು ಅಗಲ.
ಅದರಲ್ಲಿ ಹಿಡಿಯದೆ ಹೋದದ್ದು ಇದು, ಇಂಜಿನಿಯರಮ್ಮ,
ಹಿಂಬದಿ ಪುಟದಲ್ಲಿ ಬರೆದಿದೀನಿ.
ತಪ್ಪಾಗಿದ್ದರೆ ಹರಿದು ಹಾಕಿ.

ಊರಿಗೆ ಎರಡು ಕೇರಿ. ಮೇಲಿನದು, ನಮ್ಮದು.
ಮೊದಲು ಅವರ ಬಚ್ಚಲು ನಮ್ಮ ಅಂಗಳಕ್ಕೆ ಬರುತ್ತಿತ್ತು,
ಯಾರೂ ಕಳಿಸದೆ, ಯಾರೂ ಕರೆಯದೆ.
ನನ್ನತ್ತೆ ದ್ಯಾವಮ್ಮ ಹಲಗೆ ಹಾಕಿ ದಾಟೋಳು,
ಹಲಗೆ ಕೊಳೆತರೆ ಇನ್ನೊಂದು ಹಲಗೆ.
ನೀವು ಜಾಗ ಅಳೆದಾಗಲೂ ಟೇಪು
ನಮ್ಮ ಕೇರಿ ತುದಿಗೇ ಬಂದು ನಿಂತಿತು.
ಯಾಕೆ ಇಲ್ಲೇ, ಅಂದೆ.
ಇಳಿಜಾರು ಕಣಮ್ಮ, ಅಂದ್ರಿ.
ಇಳಿಜಾರಿನ ಮೇಲೆ ಯಾರಾದರೂ ಸಿಟ್ಟು ಮಾಡೋಕಾಗ್ತದಾ.
ಮಾಡಿದೆ. ಒಂದು ವಾರ.
ಆಮೇಲೆ ಕೆಲಸಕ್ಕೆ ಹೆಸರು ಕೊಟ್ಟೆ.

ಮೊದಲ ಗುಂಡಿಯಲ್ಲಿ ಕೆಸರು ಕೂರ್ತದೆ,
ಎರಡನೇದರಲ್ಲಿ ಜಲ್ಲಿ, ಮರಳು,
ಮೇಲೆ ಕಾಬಾಳೆ, ಜೊಂಡು.
ಕೆಸ ನಾವು ನೆಟ್ಟದ್ದಲ್ಲ, ತಾನೇ ಬಂತು.
ಬೇರು ಕೊಳೆ ಕುಡೀತದೆ ಅಂತ ಹೇಳಿ
ನೀವು ಸಾಗರದ ಬಸ್ಸು ಹತ್ತಿದಿರಿ.
ನಾನು ಕೂತು ನೋಡಿದೆ.
ಬೇರಿಗೆ ಯಾವ ಬಸ್ಸೂ ಹಿಡಿಯೋದಿಲ್ಲ.

ಏಳು ಪೈಪು. ಕಣ್ಣು ಮುಚ್ಚಿ ಹೇಳ್ತೀನಿ ಯಾವುದು ಯಾರದು.
ಶನಿವಾರ ಮೂರನೇದರಲ್ಲಿ ಸೀಗೆಪುಡಿ,
ಭಾನುವಾರ ಆರನೇದರಲ್ಲಿ ಮೀನಿನ ಹುರುಪೆ,
ನಮ್ಮನೇದೂ ಅದರಲ್ಲೇ.
ಫಿಲೋಮಿನಾ ಮಗಳು ಹೆತ್ತ ತಿಂಗಳು
ಅರಿಶಿನ, ಲಕ್ಕಿಸೊಪ್ಪು ಕುದಿಸಿದ ನೀರು,
ಗುಂಡಿಗೇ ಬಾಣಂತನ ಮಾಡಿದ ಹಾಗೆ.
ಹುಚ್ಚಪ್ಪಜ್ಜ ತೀರಿದ ದಿನ ಐದನೇದು ಒಣಗಿತ್ತು.
ಸೂತಕ ಕಳೆದ ದಿನ ಮನೆಯ ಬಟ್ಟೆಯೆಲ್ಲ ಒಗೆದರು,
ನೊರೆ ಮೊಣಕಾಲ ತನಕ.
ವಾಸನೆ ಇಲ್ಲ ಅಂತ ಗೆರೆ ಎಳೆದೆ.
ಇತ್ತು. ನೀವು ಕೇಳಿದ ವಾಸನೆ ಅದಲ್ಲ.

ಮಿಡಿ ಕಾಲದಲ್ಲಿ ಕಾಬಾಳೆ ಎಲೆಯ ಅಂಚು ಸುಟ್ಟುಕೊಂಡಿತು.
ಸೋಪು ಅಂದ್ರು, ಬಿಸಿಲು ಅಂದ್ರು.
ಬೆರಳದ್ದಿ ನೆಕ್ಕಿ ನೋಡಿದೆ, ಬೈಬೇಡಿ.
ಉಪ್ಪು.
ಅಪ್ಪೆಮಿಡಿಯ ಭರಣಿ ತೊಳೆದ ನೀರು.
ಮನೆಮನೆಗೆ ಹೋದೆ: ಇದನ್ನ ತೆಂಗಿನ ಬುಡಕ್ಕೆ ಹುಯ್ಯಿರಿ.
ಮೇಲಿನ ಕೇರಿಯಲ್ಲಿ ಮೊದಲ ಸಲ ಜಗಲಿಗೆ ಕರೆದರು.
ಒಳಗೆ ಅಲ್ಲ. ಜಗಲಿ.

ಏಳನೇ ಪೈಪಲ್ಲಿ ಎರಡು ವರ್ಷ ಬರೀ ಗಾಳಿ.
ಎಲ್ಲರದೂ ಕಲೆಯೋ ಗುಂಡಿಗೆ ನಮ್ಮ ಮಡಿನೀರು ಬೇಡ
ಅಂದಿದ್ದರು ಶೇಷಪ್ಪಯ್ಯನವರು.
ಬಚ್ಚಲು ದಾಟಿದ ಮೇಲೂ ಮಡಿ ಉಳೀತದೆ ಅಂತ
ನನಗೆ ಗೊತ್ತಿರಲಿಲ್ಲ.
ಅವರ ಹಿತ್ತಲಲ್ಲಿ ಸೊಳ್ಳೆ ಎದ್ದು, ಮೊಮ್ಮಗಳಿಗೆ ಜ್ವರ ಬಂದು,
ಹೋದ ಚೌತಿಯ ಮುಂಚೆ
ರಜಾಕ್ ಹೋಗಿ ಕಪ್ಲಿಂಗ್ ಹಾಕಿ ಬಂದ,
ಕತ್ತಲಾದ ಮೇಲೆ, ಹೇಳಿಸಿಕೊಂಡ ಹಾಗೆ.

ಹೊರಬರೋ ನೀರು ಬಾಟಲಿಯಲ್ಲಿ ಹಿಡಿದು
ಹಿಂದೆ ಕ್ಯಾಲೆಂಡರ್ ಇಟ್ಟು ನೋಡ್ತೀನಿ.
ಮೊದಲ ತಿಂಗಳು ಬರೀ ಬೂದಿ.
ಈಗ ತಾರೀಕು ಕಾಣ್ತದೆ.
ತಿಥಿ ಇನ್ನೂ ಇಲ್ಲ, ಸಣ್ಣಕ್ಷರ.

ಬೋರ್ಡಿನಲ್ಲಿರೋದು: ಈ ನೀರು ಕುಡಿಯಬಾರದು.
ಕೆಸದೆಲೆ ಬಗ್ಗೆ ಏನೂ ಬರೆದಿಲ್ಲ.
ಆನೆಕಿವಿಯಷ್ಟು ಬೆಳೆದು ನಿಂತಿದ್ದವು,
ಯಾರೂ ಮುಟ್ಟಿರಲಿಲ್ಲ, ನಾನೂ.
ಸೋಮವಾರ ಬೆಳಿಗ್ಗೆ ನೋಡಿದರೆ ಒಂಬತ್ತು ಇಲ್ಲ.
ದನ ಮೇಯ್ದದ್ದಲ್ಲ.
ದಂಟು ಓರೆಯಾಗಿ, ಒಂದೇ ಏಟಿಗೆ, ಹರಿತವಾದ ಕತ್ತಿ.

ಮಧ್ಯಾಹ್ನ ಪಾತ್ರೆ ತೊಳೆಯೋ ಹೊತ್ತಿಗೆ
ಗುಂಡಿ ಹತ್ತಿರ ಕೂತೆ.
ಏಳನೇದರಲ್ಲಿ ಬಂತು:
ರುಬ್ಬಿದ ಅಕ್ಕಿ, ಹುಣಸೆ, ಹುರಿದ ಕೊತ್ತಂಬರಿ.
ಪತ್ರೊಡೆ.

ತಾರೀಕು ಬರೆದೆ.
ನೀರು, ನಾಲ್ಕು ಬೆರಳು ಹೆಚ್ಚು.
ಬಣ್ಣ, ತುಸು ಬಿಳಿ.
ವಾಸನೆಗೆ ಗೆರೆ ಎಳೆಯೋ ಮುಂಚೆ
ಇನ್ನೊಮ್ಮೆ ಮೂಸಿದೆ.
ಷರಾ: ಏನೂ ಇಲ್ಲ.