ಖಾಲಿ ಮುಚ್ಚಳ

ಡ್ಯಾಶ್‌ಬೋರ್ಡಿನ ನೆತ್ತಿಯ ಮೇಲೆ ಅಂಗೈಯಗಲದ
ಒಂದು ಖಾಲಿ ಮುಚ್ಚಳ. ಹದಿನೆಂಟು ವರ್ಷ
ನನ್ನನ್ನೇ ನೋಡುತ್ತ ಕೂತಿತ್ತು.
ದುಡ್ಡು ಸಾಲದೆ ಕೊಂಡವರ ವೋಲ್ವೊಗೆ
ಕಂಪನಿಯವರು ಹಾಕಿಕೊಡುವ ಮುಚ್ಚಳ ಅದು.
ಸಾಲಿದವರಿಗೆ ಅದೇ ಜಾಗದಿಂದ ಪರದೆಯೊಂದು
ಆಮೆಯ ಕತ್ತಿನ ಹಾಗೆ ಮೆಲ್ಲಗೆ ಏಳುತ್ತದೆ.

"ಫೋನಿದೆಯಲ್ಲ ನಿನ್ನ ಹತ್ರ?" ಅಂದ ಆಲ್ಗೊಟ್,
ಗ್ಯಾರೇಜಿನ ಬಾಗಿಲಿಗೆ ಒರಗಿ, ಕಾಫಿ ಆರಿಸುತ್ತ.
ಧ್ರುವಕ್ಕೆ ಹತ್ತಿರದ ಈ ಗಣಿಯೂರಲ್ಲಿ
ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು.
ದಾರಿ ಕೇಳುವವರೆಂದರೆ ಅವನಿಗೆ ಅಷ್ಟಕ್ಕಷ್ಟೆ.
ಮೈನಸ್ ಮೂವತ್ತಕ್ಕೆ ಫೋನು ಸತ್ತುಹೋಗುತ್ತೆ ಅಂದೆ.
ನಿಜವೇ. ಆದರೆ ಕಾರಣ ಅದಲ್ಲ.
ಕಾರಣ ಆ ಮುಚ್ಚಳ.

ಲೂಲಿಯೋದ ಗುಜರಿಯಿಂದ ತಂದದ್ದು:
ಪರದೆ, ಸೀಟಿನಡಿಗೆ ಹೋಗುವ ಡಬ್ಬ,
ಬೆಂಕಿಪೊಟ್ಟಣದಷ್ಟು ಆಂಟೆನಾ, ಮತ್ತೆ ನಕ್ಷೆಯ ಡಿವಿಡಿ,
ಅದರ ಮೇಲೆ ಯಾರದೋ ದುಂಡಕ್ಷರದಲ್ಲಿ "2004".
ಹಿಮಸಾರಂಗಕ್ಕೆ ಗುದ್ದಿ ಮೂತಿ ಮುರಿದುಕೊಂಡ ಕಾರಿನವು.
ಪರದೆಯ ಸಂದಿಯಲ್ಲಿ ಇನ್ನೂ ಗಾಜಿನ ಸಕ್ಕರೆ.

ಜಾಳಿಗೆ ಎಬ್ಬಿಸುವಾಗ ಪ್ಲಾಸ್ಟಿಕ್ಕು ಚಳಿಗೆ ಹಪ್ಪಳ;
ಹೇರ್ ಡ್ರೈಯರ್ ಹಿಡಿದು ಸಮಾಧಾನ ಮಾಡಬೇಕು.
ಬೆಳಕು ಹರಿಯುವ ತಂತಿ, ಶ್ಯಾವಿಗೆಯಷ್ಟು ದಪ್ಪ,
ಹೆಚ್ಚು ಬಗ್ಗಿಸಿದರೆ ಮುನಿಸು, ರೇಡಿಯೋ ಕೂಡ ಮೂಕ.
ಅಂಗಾತ ಮಲಗಿ, ತಲೆ ಪೆಡಲಿನಡಿ,
ಬಾಯಲ್ಲಿ ಟಾರ್ಚು ಕಚ್ಚಿ ತಡವುತ್ತಿದ್ದಾಗ
ಕೈಗೆ ಸಿಕ್ಕಿತು,
ಟೇಪು ಸುತ್ತಿ ಮೂಲೆಗೆ ಕಟ್ಟಿಟ್ಟ ಸಾಕೆಟ್ಟು.
ಏನನ್ನೂ ಚುಚ್ಚಿಸಿಕೊಳ್ಳದ್ದು, ಧೂಳು ಕಾಣದ್ದು.
ಕಾರ್ಖಾನೆಯ ಸಾಲಿನಲ್ಲಿ ಯಾವಳೋ ಒಬ್ಬಳು
ಊಟದ ಗಂಟೆಗೆ ಮುಂಚೆ, ಯಾರಿಗೆಂದು ತಿಳಿಯದೆಯೇ,
ಬೇಕಾದೀತು ಎಂದು ಕಟ್ಟಿಟ್ಟದ್ದು.
ಟಕ್ ಅಂತ ಕೂತಿತು.

ಆಮೇಲೆ ಲ್ಯಾಪ್‌ಟಾಪು ಹಚ್ಚಿ
ಕಾರಿಗೊಂದು ಸುಳ್ಳು ಕಲಿಸಬೇಕು:
ಹುಟ್ಟುವಾಗಲೇ ಇದು ನಿನಗಿತ್ತು ಎಂದು.
ಎರಡು ಸಲ ನಂಬಲಿಲ್ಲ.
ಮೂರನೆಯದಕ್ಕೆ ಕರಕರ ಸದ್ದು, ಆಮೆ ಕತ್ತೆತ್ತಿತು.

ಆಲ್ಗೊಟ್ ಲೋಟ ಕೆಳಗಿಟ್ಟ. ಬಂದು ಕೂತ.
ಅಕ್ಕಿಯ ಕಲ್ಲು ಹೆಕ್ಕುವ ಹಾಗೆ ಒಂದೊಂದೇ ಅಕ್ಷರ ಹೆಕ್ಕಿ
ತನ್ನ ಹಳೆಯ ಬೀದಿಯ ಹೆಸರು ಬರೆದ.
ಗಣಿ ಕೆಳಗಿನಿಂದ ತಿನ್ನುತ್ತ ಬಂದು
ಬೇಲಿಯಾಚೆ ಸೇರಿಕೊಂಡ ಬೀದಿ.
ಚೆಂದದ ಮನೆಗಳನ್ನು ಲಾರಿಯ ಮೇಲೆ ಹೊತ್ತರು.
ಅವನದು ಹೊರುವಂಥದ್ದಲ್ಲವಂತೆ, ಕೆಡವಿದರು.

"ನಾಲ್ಕು ನಿಮಿಷ" ಅಂದಿತು ಹೆಣ್ಣುದನಿ,
ಅನುಮಾನದ ಎಳೆಯೂ ಇಲ್ಲದೆ.
"ನಾಲ್ಕೆಲ್ಲಿ? ಆರು ಬೇಕು," ಅಂದ ಆಲ್ಗೊಟ್.
"ಬೇಕರಿ ಎದುರು ಸಿಗ್ನೆ ಹತ್ತುತ್ತಾಳೆ,
ಹತ್ತಿದ ಮೇಲೆ ಚಿಲ್ಲರೆ ಹುಡುಕುತ್ತಾಳೆ."

ಬೇಲಿಯವರೆಗೆ ಹೋದೆವು.
ಹೆಡ್‌ಲೈಟಿನಲ್ಲಿ ಹಿಮ, ತಂತಿ, ಹಳದಿ ಫಲಕ.
ಪರದೆಯಲ್ಲಿ ಬೀದಿ ತನ್ನ ಪಾಡಿಗೆ ಮುಂದೆ ಹೋಗಿತ್ತು,
ಬಲಕ್ಕೆ ಶಾಲೆ, ಎಡಕ್ಕೆ ಪೆಟ್ರೋಲ್ ಬಂಕಿನ ಪುಟ್ಟ ಚಿತ್ರ.
"ನೇರ ಹೋಗಿ" ಅಂದಳು.
ಕಾದಳು.
"ನೇರ ಹೋಗಿ."
ಬಯ್ಯುವನೇನೋ ಅಂದುಕೊಂಡೆ.
"ಇಲ್ಲೇ ಇಳೀತೀನಿ" ಅಂದ, ಟಿಕೇಟು ಕೊಂಡವನ ಹಾಗೆ.
ಇಳಿದು, ತಂತಿಗೆ ಬೆರಳು ಸಿಕ್ಕಿಸಿ ನಿಂತ.
ಎಂಜಿನ್ ಆರಿಸಲಿಲ್ಲ ನಾನು.
ಆರಿಸಿದರೆ ಪರದೆ ಮಡಚಿಕೊಳ್ಳುತ್ತದೆ.

ಎಷ್ಟು ಹೊತ್ತೋ. ಆರು ನಿಮಿಷವಂತೂ ಆಗಿತ್ತು.

ಗ್ಯಾರೇಜಿನ ನೆಲದಲ್ಲಿ ಎರಡು ಸ್ಕ್ರೂ ಮಿಕ್ಕಿದ್ದವು.
ಯಾವುದರವೆಂದು ಈಗಲೂ ಗೊತ್ತಿಲ್ಲ.
ಕಾರು ಓಡುತ್ತಿದೆ.
ತೆಗೆದ ಮುಚ್ಚಳವನ್ನು ಆಲ್ಗೊಟ್ ಒಯ್ದ,
ಕಾಫಿ ಲೋಟದಡಿಗೆ ಇಟ್ಟುಕೊಳ್ಳಲಿಕ್ಕೆ.