ಉಪ್ಪಿನ ನೆಂಟಸ್ತನ

ಎಸ್ಟರ್‌ಹೇಜಿಯಲ್ಲಿ ನೆಲದಡಿ ಒಂದು ಕಿಲೋಮೀಟರ್ ಇಳಿದರೆ
ಸೆಕೆ.
ಮೇಲೆ ಹುಲ್ಲುಗಾವಲೆಲ್ಲ ಹಿಮ ಹೊದ್ದು ಮಲಗಿದಾಗ
ಕೆಳಗೆ ನಾನು ತೋಳಿಲ್ಲದ ಅಂಗಿಯಲ್ಲಿ
ಕೆಂಪು ಉಪ್ಪಿನ ಗೋಡೆ ಕೊರೆಯುತ್ತೇನೆ.
ಯಾವುದೋ ಕಾಲದ ಕಡಲು, ಒಣಗಿ ಉಳಿದದ್ದು.
ಪಾಳಿ ಮುಗಿಸಿ ತುಟಿ ನೆಕ್ಕಿದರೆ ಅದೇ ಕಹಿ,
ಹದಿನೇಳು ವರ್ಷದಿಂದ.

ಕಡಲನ್ನು ಮಾತ್ರ ನಾನು ಕಂಡಿಲ್ಲ.

ಯಾರ್ಕ್ಟನ್ನಿನಲ್ಲಿ ಸಾಕುಮೀನು ಮಾರುವ ಮೆಥೋಡಿ ಮುದುಕ
ಊಟದ ಡಬ್ಬಿಯಲ್ಲಿ ನಾನು ತಂದ ಹರಳನ್ನು
ಬೆಳಕಿಗೆ ಹಿಡಿದು ನಕ್ಕ:
"ಇದು ಸಮುದ್ರವಲ್ಲ ಇಲೋನಾ, ಸಮುದ್ರದ ಬೂದಿ.
ಬೂದಿಯಲ್ಲಿ ಮೀನು ಬಾಳುತ್ತದೆಯೇ?"
ಆಮೇಲೆ ಇಪ್ಪತ್ತು ಕಿಲೋ ಉಪ್ಪಿನ ಚೀಲ ಹೊರಿಸಿ
ತೊಂಬತ್ತೆರಡು ಡಾಲರ್ ಎಣಿಸಿಕೊಂಡ.
ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅಂತಾರಲ್ಲ,
ನಮ್ಮಲ್ಲಿ ಅದೂ ತಿರುಗುಮುರುಗು:
ಕಾಲಡಿ ಉಪ್ಪಿನ ಬೆಟ್ಟ,
ಕಡಲಿಗೇ ಬಡತನ.

ಮೊದಲ ತಿಂಗಳು ಬರೀ ನೀರು, ಕಲ್ಲು.
ಶೋಧಿಸಿದ ನೀರಿಗೆ ಉಪ್ಪು ಕದಡಿ
ಮಾಪಕದ ಮುಳ್ಳು ಹೂಂ ಅನ್ನುವ ತನಕ
ಚಿಟಿಕೆ, ಮತ್ತೊಂದು ಚಿಟಿಕೆ, ಸಾರಿಗೆ ಹಾಕಿದ ಹಾಗೆ.
ರೋಲಂಡ್ ದಿನಾ ಕೇಳುವ, "ಮೀನೆಲ್ಲಿ?"
ಕಣ್ಣಿಗೆ ಕಾಣದವರು ಮೊದಲು ಸಂಸಾರ ಹೂಡಬೇಕು,
ವಿಷ ಉಂಡು ಅದನ್ನು ಇನ್ನೊಂದು ವಿಷವಾಗಿಸಬೇಕು,
ಅದನ್ನೂ ಯಾರಾದರೂ ಉಣ್ಣಬೇಕು.
ಗಾಜಿನ ಕೊಳವೆಗೆ ಹನಿ ಹಾಕಿ, ಅಲುಗಿಸಿ,
ಬಣ್ಣಕ್ಕೆ ಕಾಯುತ್ತೇನೆ:
ಹಸಿರು. ಹಸಿರು. ಮತ್ತೆ ಹಸಿರು.
ಒಂದು ಮಂಗಳವಾರ ಹಳದಿ!
ನಾನು ಕೂಗಿದ್ದಕ್ಕೆ ನಾಯಿ ಎದ್ದು ಬೊಗಳಿತು.

ಆಮೇಲೆ ನನ್ನ ಆತುರ.
ಒಂದೇ ವಾರದಲ್ಲಿ ಐದು ಮೀನು ತಂದೆ.
ಸತ್ತ ಮೂರನ್ನು ಹೂಳಲಾಗಲಿಲ್ಲ, ನೆಲ ಕಬ್ಬಿಣ.
ಬೆಣ್ಣೆಡಬ್ಬಿಯಲ್ಲಿ, ಬಟಾಣಿ ಪೊಟ್ಟಣದ ಪಕ್ಕ,
ಫ್ರೀಜರಿನಲ್ಲಿವೆ ಈಗಲೂ, ಏಪ್ರಿಲ್‌ಗೆ ಕಾಯುತ್ತ.
ಮೆಥೋಡಿ ಬೈಯಲಿಲ್ಲ.
"ಗಣಿಯ ಮಾಡು ಬೀಳುವುದಕ್ಕೆ ಎಷ್ಟು ಹೊತ್ತು,
ಅದಕ್ಕೆ ಆಧಾರ ಕೊಡುವುದಕ್ಕೆ ಎಷ್ಟು?
ನಿನಗೆ ನಾನು ಹೇಳಬೇಕೇ?" ಎಂದ.
ಒಂದು ಹವಳದ ತುಂಡು ಕೊಟ್ಟ, ಹೆಬ್ಬೆರಳುದ್ದ,
ಎಳೆಗಳ ತುದಿಯಲ್ಲಿ ಪುಟ್ಟ ಪುಟ್ಟ ಸುತ್ತಿಗೆ.
ಹಣ ಮುಟ್ಟಲಿಲ್ಲ. ಕಣ್ಣು ಮಂಜಂತೆ,
ವಸಂತಕ್ಕೆ ಅಂಗಡಿ ಮುಚ್ಚುತ್ತಾನಂತೆ.

ಜನವರಿ. ಮೈನಸ್ ಮೂವತ್ತೊಂಬತ್ತು.
ನಡುರಾತ್ರಿ ಕರೆಂಟು ಹೋಯಿತು.
ಪಂಪಿನ ಗುನುಗು ನಿಂತದ್ದಕ್ಕೇ ನನಗೆ ಎಚ್ಚರ;
ಅದು ಕೇಳಿಸುತ್ತಿತ್ತೆಂದು ಆ ತನಕ ತಿಳಿದಿರಲಿಲ್ಲ.
ಅಜ್ಜಿ ಹಂಗೆರಿಯಿಂದ ಹೊತ್ತು ತಂದ ಬಾತುಗರಿಯ ರಜಾಯಿ
ಗಾಜಿನ ತೊಟ್ಟಿಗೆ ಹೊದಿಸಿ,
ನಾವಿಬ್ಬರೂ ಕೋಟು ತೊಟ್ಟು ಕೂತೆವು.
ಲೋಟದಲ್ಲಿ ನೀರು ಮೊಗೆದು, ಎತ್ತರದಿಂದ ಸುರಿದು,
ಮೊಗೆದು, ಸುರಿದು,
ಕೈಯಿಂದಲೇ ಉಸಿರು ಕೊಟ್ಟೆವು.
ಇಪ್ಪತ್ತಾರು. ಇಪ್ಪತ್ತನಾಲ್ಕು. ಇಪ್ಪತ್ತೆರಡೂವರೆ.
ಆ ಹೊತ್ತಿಗೆ ಗಣಿಯಲ್ಲಿ ಇಪ್ಪತ್ತಾರೇ ಇದ್ದೀತು.
ಸತ್ತ ಕಡಲಿಗೆ ಸೆಕೆ,
ಬದುಕಿದ್ದಕ್ಕೆ ಚಳಿ.

ಮೂರು ಗಂಟೆಗೆ ರೋಲಂಡ್, ಲೋಟ ನಿಲ್ಲಿಸದೆ, ಕೇಳಿದ:
"ಕಡಲೂ ಹೀಗೇ ಸದ್ದು ಮಾಡುತ್ತದೆಯೇ?"
"ಯಾರಿಗೆ ಗೊತ್ತು," ಎಂದೆ. "ಸುರಿ."

ಐದೂ ಮುಕ್ಕಾಲಿಗೆ ಪಂಪು ಕೆಮ್ಮಿ ಎದ್ದಿತು.
ಹವಳ ಮೂರು ದಿನ ಮುಷ್ಟಿ ಬಿಚ್ಚಲಿಲ್ಲ.
ನಾನು ಪಾಳಿಗೆ ಹೋದೆ, ಬಂದೆ, ನೋಡಿದೆ,
ಮಾತಾಡಲಿಲ್ಲ.
ನಾಲ್ಕನೆಯ ಸಂಜೆ ಒಂದು ಎಳೆ,
ಒಂದೇ,
ಹೊರಗೆ ಬಂದು ನೀರಿನ ಜೊತೆ ತೂಗುತ್ತಿತ್ತು.

ತೊಟ್ಟಿಯ ಅಂಚಿನಲ್ಲಿ ಬಿಳಿ ಉಪ್ಪು ಹೆಪ್ಪುಗಟ್ಟಿತ್ತು.
ಒರೆಸುವ ಬಟ್ಟೆ ಕೈಯಲ್ಲೇ ಇತ್ತು.
ಬೆರಳೊತ್ತಿ ನಾಲಿಗೆಗಿಟ್ಟೆ:
ಗಣಿಯದಕ್ಕಿಂತ
ಕಹಿ ಕಡಿಮೆ.