ಎರಡು ಪದದ ಚೀಟಿ

ಮಂಗಳವಾರ, ಹಿಲ್ಡಾಳ ಕಾಲಿನ ಹುಣ್ಣಿಗೆ
ಪಟ್ಟಿ ಬದಲಿಸುವ ದಿನ. ಮೋರ್ಕಂ ಕೊಲ್ಲಿಯ ದಡದಲ್ಲಿ
ಕೊನೆಯ ಬೀದಿ, ಕೊನೆಯ ಮನೆ. ಆಚೆ ಮೈಲಿಗಟ್ಟಲೆ
ಕಡಲು ಬಿಟ್ಟುಹೋದ ಮರಳು.

ಬಿಸ್ಕತ್ತಿನ ಡಬ್ಬಿಯಿಂದ ಚೀಟಿ ತೆಗೆದಳು.
ಉಬ್ಬರವಿಳಿತದ ವೇಳಾಪಟ್ಟಿಯ ಬೆನ್ನಿಗೆ
ಪೆನ್ಸಿಲಿನಲ್ಲಿ ಎರಡೇ ಪದ: ಗಾನ್ ಔಟ್.
ಹೆಸರಿಲ್ಲ. ಚುಕ್ಕಿಯೂ ಇಲ್ಲ.
ಸೀಗಡಿ ಹಿಡಿಯುವ ಆಸ್ವಾಲ್ಡ್, ಅರವತ್ತೆರಡರ ಫೆಬ್ರವರಿ,
ಟೀ ಮಗ್ಗಿನಡಿ ಇಟ್ಟುಹೋದದ್ದು.
ಸಂಜೆ ಕುದುರೆ ಒಂದೇ ಮನೆಗೆ ಬಂತು.

ಹೊರಗೆ ಹೋಗಿದ್ದಾನೆ, ಇನ್ನೇನು, ಎಂದನಂತೆ ಪೊಲೀಸಿನವ.
ಕಡಲು ಇಳಿದಿದೆ ಎಂದು ಬರೆದ, ಅವನಿಗೆ ಅದೇ ಗಡಿಯಾರ,
ಎಂದ ಜೊತೆಗಾರ ಸೆಪ್.
ನಾದಿನಿ ಮಾತ್ರ ಗಂಟಲು ಸರಿಮಾಡಿಕೊಂಡು
ಸಂಸಾರದಲ್ಲಿ ಏನೋ ಆರಿತ್ತು, ಅದನ್ನೇ ಬರೆದ, ಎಂದಳಂತೆ.
ಆ ವರ್ಷ ಅವಳಿಗೆ ಕ್ರಿಸ್‌ಮಸ್ ಕಾರ್ಡ್ ಹೋಗಲಿಲ್ಲ.
ಮುಂದಿನ ವರ್ಷವೂ.

"ನಿಮ್ಮ ಭಾಷೆಯಲ್ಲಿ ಇದಕ್ಕೆ ಹೇಗನ್ನುತ್ತಾರೆ?"
ನನ್ನ ಕೈಯಲ್ಲಿ ಕತ್ತರಿ, ಅರ್ಧ ಸುತ್ತಿದ ಬಟ್ಟೆ.

ನಮ್ಮ ಕ್ರಿಯಾಪದಕ್ಕೆ ಬಾಲವಿದೆ, ಹಿಲ್ಡಾ.
ನಾನೋ, ಅವನೋ, ಅದೋ, ತುದಿ ಮುಟ್ಟಿದರೆ
ಕತ್ತಲಲ್ಲೂ ತಿಳಿಯುತ್ತದೆ.
ಕಡಲಾದರೆ ಇಳಿದಿದೆ. ಒಲೆಯಾದರೆ ಆರಿದೆ.
ದೀಪ ಆರಿತು ಎನ್ನುವ ಹಾಗಿಲ್ಲ, ದೊಡ್ಡದಾಯಿತು ಎನ್ನಬೇಕು.
ಮನುಷ್ಯ ಹೋಗುತ್ತೇನೆ ಎನ್ನುವ ಹಾಗಿಲ್ಲ,
ಹೋಗಿ ಬರುತ್ತೇನೆ ಎನ್ನಬೇಕು, ಹಾಲು ತರಲು ಹೊರಟರೂ.
ಅಷ್ಟು ಪುಕ್ಕಲು ನಮ್ಮ ಮಾತು.

ಡ್ಯೂಟಿಯ ಇಂಗ್ಲಿಷಿನಲ್ಲಿ ಇಷ್ಟು ಹೇಳುವಾಗ ಹಿಲ್ಡಾ ನಕ್ಕಳು:
"ಹಾಗಾದರೆ ನಿಮ್ಮವರಿಗೆ ಈ ಚೀಟಿ ಬರೆಯಲು ಬರುವುದೇ ಇಲ್ಲ."

ಆಮೇಲೆ, ಕಿಟಕಿಗೆ ಹೇಳುವಂತೆ:
"ಅವತ್ತು ನಾನು ಕೆಳಗಿಳಿದಾಗ ಒಲೆ ತಣ್ಣಗಿತ್ತು.
ನನ್ನನ್ನು ಎಬ್ಬಿಸುತ್ತಿರಲಿಲ್ಲ ಅವನು, ಬರೆದಿಡುತ್ತಿದ್ದ.
ಸೌದೆ ಒದ್ದೆ. ಕಲ್ಲಿದ್ದಲು ಕಮ್ಮಿ. ಹೀಗೆ.
ಒಲೆ ಹೇಗಿತ್ತೆಂದು ಯಾರೂ ಕೇಳಲಿಲ್ಲ."
ಮಡಿಕೆಯ ಗುರುತಿನಲ್ಲೇ ಚೀಟಿ ಮಡಚಿದಳು.

ಕಾರಿನಲ್ಲಿ ಕೂತ ಮೇಲೆ ನೆನಪಾಯಿತು:
ಆರಿಸಿದೆ.
ದೀಪವನ್ನೇ? ಒದ್ದೆ ಬಟ್ಟೆಯನ್ನೇ?
ಎರಡು ದಾರಿಯಲ್ಲಿ ಒಂದನ್ನೇ?
ನಾನು ಆರಿಸಿದೆನೋ, ಗಾಳಿ ಆರಿಸಿದೆಯೋ?
ಬಾಲ ಹಿಡಿದರೂ ಸಿಕ್ಕದು.
ಸುಮ್ಮನೆ ಜಂಬ ಕೊಚ್ಚಿದೆ ಮುದುಕಿಯ ಮುಂದೆ.

ಎದುರಿಗೆ ಮರಳು ಮಿನುಗುತ್ತಿತ್ತು.
ನೀರು ಬರುತ್ತಿದೆಯೋ ಹೋಗುತ್ತಿದೆಯೋ,
ಇಲ್ಲಿಗೆ ಬಂದು ಆರು ವರ್ಷವಾದರೂ
ನನಗೆ ನೋಡಿ ಹೇಳಲು ಬರುವುದಿಲ್ಲ.